ಅಂಗಡಿ ಮುಚ್ಚಿದ ಭಾನುವಾರದ ಲೆಕ್ಕ

ಮ್ಯೂನಿಕ್‌ನಲ್ಲಿ ಶನಿವಾರ ರಾತ್ರಿ ಎಂಟಕ್ಕೆ ಅಂಗಡಿಗಳ ಬಾಗಿಲು ಬಿದ್ದರೆ ಮತ್ತೆ ತೆರೆಯುವುದು ಸೋಮವಾರ ಬೆಳಿಗ್ಗೆಯೇ. ರೈಲು ನಿಲ್ದಾಣದೊಳಗಿನ ಮಳಿಗೆ, ಬೇಕರಿ, ಪೆಟ್ರೋಲ್ ಬಂಕ್ ಬಿಟ್ಟರೆ ಭಾನುವಾರ ಎಲ್ಲವೂ ಬಂದ್. ಇದು ರೂಢಿಯಷ್ಟೇ ಆಗಿ ಉಳಿದಿಲ್ಲ. 1919ರ ವೈಮಾರ್ ಸಂವಿಧಾನ ಭಾನುವಾರದ ವಿಶ್ರಾಂತಿಗೆ ಕೊಟ್ಟ ರಕ್ಷಣೆಯನ್ನು 1949ರ ಜರ್ಮನ್ ಸಂವಿಧಾನವೂ ಉಳಿಸಿಕೊಂಡಿದೆ. ಬೆಂಗಳೂರಿನಿಂದ ಬಂದ ಸಂಸಾರಗಳಿಗೆ ಶುರುವಿನಲ್ಲಿ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಅಲ್ಲಿ ವಾರಾಂತ್ಯವೆಂದರೆ ಮಾಲ್, ಒಂದು ಸಿನಿಮಾ, ಫುಡ್ ಕೋರ್ಟಿನಲ್ಲಿ ಊಟ, ಬರುವಾಗ ಬೇಕಿಲ್ಲದ ನಾಲ್ಕು ಸಾಮಾನು. ನಮ್ಮ ಮನೆಯ ಜಮಾಖರ್ಚನ್ನು ನಾನೇ ಬರೆದಿಡುವವಳು. ಆ ಪುಸ್ತಕವನ್ನು ನೋಡಿ ಹೇಳುವುದಾದರೆ, ಹೊಸ ದೇಶದಲ್ಲಿ ನಮ್ಮ ಕುಟುಂಬಕ್ಕೆ ಈ ಮುಚ್ಚಿದ ಬಾಗಿಲುಗಳಷ್ಟು ಉಪಕಾರ ಬೇರೆ ಯಾವುದೂ ಮಾಡಿಲ್ಲ. ಕೊಳ್ಳಲು ಏನೂ ಇಲ್ಲದ ದಿನ ನಾವು ಊರು ನೋಡಲು ಹೊರಟೆವು. ದುಡ್ಡು ಕೊಡದೆ ಅನುಭವಿಸಬಹುದಾದದ್ದು ಇಲ್ಲಿ ಎಷ್ಟಿದೆ ಎಂಬುದು ಹಾಗೆ ತಿರುಗಾಡಿದ ಮೇಲಷ್ಟೇ ತಿಳಿದದ್ದು.

ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ ಗುಣಾಕಾರ. ಯೂರೋ ನೂರು ರೂಪಾಯಿ ದಾಟಿರುವುದರಿಂದ ಗುಣಿಸುವುದು ಇನ್ನೂ ಸಲೀಸಾಗಿದೆ. ಕಾಫಿಗೆ ನಾಲ್ಕು ಯೂರೋ ಎಂದೊಡನೆ ನಾನೂರು ರೂಪಾಯಿ ಎಂದು ಮನಸ್ಸು ಹೇಳುತ್ತದೆ, ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ತಿಂಗಳ ಕೊನೆಗೆ ಸಂಬಳ ಬಂದಾಗ ಇದೇ ಗುಣಾಕಾರ ನಮ್ಮನ್ನು ಸಿರಿವಂತರೆಂದು ನಂಬಿಸುತ್ತದೆ. ಒಂದು ಕಡೆ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಲೂ ಜೀವ ಹಿಡಿದುಕೊಳ್ಳುವುದು, ಇನ್ನೊಂದು ಕಡೆ ರಜೆ ಬಂದ ಕೂಡಲೇ ಸಾಲ ಮಾಡಿಯಾದರೂ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಂದು ಹಾರುವುದು: ಎರಡನ್ನೂ ಒಂದೇ ಮನೆಯಲ್ಲಿ ಕಂಡಿದ್ದೇನೆ. ನಾವು ಭಾಗಾಕಾರ ಹಿಡಿದೆವು. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಕಳೆದು ಕೈಗೆ ಬರುವ ಹಣದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬಾಡಿಗೆಗೆ ಹೋಗುತ್ತದೆ. ಜರ್ಮನಿಯಲ್ಲಿ ಅತಿ ದುಬಾರಿ ಬಾಡಿಗೆಯ ಊರು ಇದು. ಊರಿಗೆ ಕಳಿಸುವುದು, ಉಳಿತಾಯ, ದಿನಸಿ ಎಲ್ಲ ತೆಗೆದ ಮೇಲೆ ಕೈಗೆ ಬಂದದ್ದರಲ್ಲಿ ನೂರಕ್ಕೆ ಮೂರು ಪಾಲು ವಾರಾಂತ್ಯದ ತಿರುಗಾಟಕ್ಕೆ. ಅಷ್ಟರೊಳಗೆ ಯಾರು ಏನು ಕೇಳಿದರೂ ಸರಿ, ರೂಪಾಯಿಯ ಮಾತು ಎತ್ತುವಂತಿಲ್ಲ.

ಈ ಮೂರು ಪಾಲು ಇಷ್ಟು ದೂರ ಬರುವುದಕ್ಕೆ ದೊಡ್ಡ ಕಾರಣ ಒಂದು ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಡಾಯ್ಚ್‌ಲ್ಯಾಂಡ್ ಟಿಕೆಟ್ 2025ರಲ್ಲಿ 58 ಯೂರೋ ಆಯಿತು, 2026ರ ಜನವರಿಯಿಂದ 63. ವೇಗದ ಐಸಿಇ, ಐಸಿ ರೈಲುಗಳನ್ನು ಬಿಟ್ಟು ದೇಶದ ಎಲ್ಲ ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮ್, ಸಿಟಿ ಬಸ್ಸುಗಳಲ್ಲಿ ತಿಂಗಳಿಡೀ ಓಡಾಡಬಹುದು. ಬೆಲೆ ಏರಿದಾಗ ನಮ್ಮ ಕನ್ನಡ ಬಳಗದಲ್ಲಿ ಗೊಣಗಾಟ ಕೇಳಿಬಂತು. ಆದರೆ ಆಫೀಸಿಗೆ ಓಡಾಡಲು ಅದನ್ನು ಹೇಗೂ ಕೊಳ್ಳಲೇಬೇಕು. ಕೆಲಸದ ಕಂಪನಿ ಕಾಲುಭಾಗವನ್ನಾದರೂ ಭರಿಸಿದರೆ ಮೇಲೆ ಶೇ 5ರ ರಿಯಾಯಿತಿಯೂ ಉಂಟು. ಹಾಗಾಗಿ ಶನಿವಾರ, ಭಾನುವಾರದ ಪ್ರಯಾಣಕ್ಕೆ ನಮ್ಮಿಬ್ಬರಿಗೆ ಹೊಸದಾಗಿ ಒಂದು ಸೆಂಟ್ ಕೂಡ ಬೀಳುವುದಿಲ್ಲ. ಆರು ತುಂಬದ ಮಗನಿಗೆ ಟಿಕೆಟ್ ಬೇಡ, ಮಗಳಿಗೆ ಮಾತ್ರ ಮಕ್ಕಳ ಟಿಕೆಟ್. ರೇಗೆನ್ಸ್‌ಬರ್ಗ್‌ನಲ್ಲಿ ಡ್ಯಾನ್ಯೂಬ್ ನದಿಗೆ 12ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ಸೇತುವೆ, ನ್ಯೂರೆಂಬರ್ಗ್ ಕೋಟೆ, ಗಡಿಯಾಚೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಇದೇ ಟಿಕೆಟ್ ನಡೆಯುತ್ತದೆ. ಸಾಲ್ಜ್‌ಬರ್ಗ್ ದಾರಿಯಲ್ಲಿ ಪೊಲೀಸರು ಕಾಗದಪತ್ರ ನೋಡುವುದುಂಟು; ಮಕ್ಕಳದ್ದೂ ಸೇರಿ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಚೀಲದಲ್ಲಿರಬೇಕು.

ಈ ತಿರುಗಾಟಗಳಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ಆಗ್ಸ್‌ಬರ್ಗ್. ಮ್ಯೂನಿಕ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿ. ಅಲ್ಲಿ ಫುಗ್ಗರೈ ಎಂಬ ಪುಟ್ಟ ಕೇರಿ ಇದೆ: ಹಳದಿ ಗೋಡೆ, ಹಸಿರು ಕಿಟಕಿ ಬಾಗಿಲು, ಸಾಲು ಮನೆಗಳು. ತನ್ನ ಕಾಲದ ಅತಿ ದೊಡ್ಡ ಸಿರಿವಂತರಲ್ಲಿ ಒಬ್ಬನಾಗಿದ್ದ ಯಾಕೋಬ್ ಫುಗ್ಗರ್ ಊರಿನ ಬಡವರಿಗಾಗಿ 1521ರಲ್ಲಿ ಸ್ಥಾಪಿಸಿದ್ದು. ಬಾಡಿಗೆ ವರ್ಷಕ್ಕೆ ಒಂದು ರೈನ್ ಗಿಲ್ಡರ್ ಎಂದು ಅವನು ಗೊತ್ತುಮಾಡಿದ್ದ. ಇವತ್ತಿಗೂ ಅಷ್ಟೇ, ಯೂರೋ ಲೆಕ್ಕದಲ್ಲಿ 88 ಸೆಂಟ್. ತಿಂಗಳಿಗಲ್ಲ, ವರ್ಷಕ್ಕೆ. ಬೆಚ್ಚಗಿಡುವ ಖರ್ಚು, ವಿದ್ಯುತ್ತು ಬೇರೆ. ಆಗ್ಸ್‌ಬರ್ಗ್‌ನ ಕಡುಕಷ್ಟದ ಕ್ಯಾಥೊಲಿಕ್ ನಿವಾಸಿಗಳಿಗೆ ಮಾತ್ರ ಮನೆ. ಸ್ಥಾಪಕನ ಹೆಸರಿನಲ್ಲಿ ದಿನಕ್ಕೆ ಮೂರು ಪ್ರಾರ್ಥನೆ ಹೇಳಬೇಕೆಂಬ ಕರಾರು ಈಗಲೂ ಇದೆ. ಸಂಗೀತಗಾರ ಮೊಜಾರ್ಟ್‌ನ ಮುತ್ತಜ್ಜ, ಗಾರೆ ಕೆಲಸದ ಫ್ರಾಂಜ್ ಮೊಜಾರ್ಟ್, ಕಷ್ಟ ಬಂದಾಗ ಇಲ್ಲಿ ಬಾಳಿದವನು.

ಒಳಹೋಗಲು ನಾವು ಕೊಟ್ಟ ಪ್ರವೇಶ ಶುಲ್ಕವೇ ಅಲ್ಲಿಯವರ ಹಲವು ವರ್ಷಗಳ ಬಾಡಿಗೆಗಿಂತ ಹೆಚ್ಚು. ಮಗಳು ಕೂಡಲೇ ಕೇಳಿದಳು: "ಹಾಗಾದರೆ ನಾವೂ ಇಲ್ಲೇ ಇರಬಹುದಲ್ಲ ಅಮ್ಮ?" ಅವಳಿಗೆ ಉತ್ತರ ಹೇಳುತ್ತ ಬಾಡಿಗೆ ಎಂದರೇನು, ದತ್ತಿ ಎಂದರೇನು, ಐನೂರು ವರ್ಷ ಒಂದು ಬೆಲೆ ಏರದಿದ್ದರೆ ಆ ನಷ್ಟವನ್ನು ಯಾರು ತುಂಬುತ್ತಾರೆ ಎಂದು ಬೆಂಚಿನ ಮೇಲೆ ಕೂತು ಮಾತಾಡಿದೆವು. ಬಾಡಿಗೆಯಿಂದ ಆ ಕೇರಿಯ ಹೆಂಚು ಬದಲಿಸಲೂ ಆಗದು. ಮನೆಗಳನ್ನು ಉಳಿಸಿರುವುದು ದತ್ತಿಯ ಆಸ್ತಿ, ಅದರಲ್ಲೂ ಮುಖ್ಯವಾಗಿ ಕಾಡು. ನಗದಾಗಿ ಇಟ್ಟಿದ್ದ ದುಡ್ಡನ್ನು ಯುದ್ಧಗಳೂ ಹಣದುಬ್ಬರವೂ ಎಂದೋ ತಿಂದುಹಾಕಿರುತ್ತಿದ್ದವು. ಮರ ಬೆಳೆಯುತ್ತ ಹೋಯಿತು. 1944ರ ಬಾಂಬ್ ದಾಳಿಯಲ್ಲಿ ಕೇರಿಯ ಬಹುಭಾಗ ನೆಲಸಮವಾದರೂ ಮತ್ತೆ ಕಟ್ಟಿದರು. ದೀರ್ಘಾವಧಿಯ ಹೂಡಿಕೆಯ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಈ ಅಂಕಣದಲ್ಲಿ ಬರೆದೂ ಇದ್ದೇನೆ. ಎಂಟು ವರ್ಷದ ಮಗುವಿಗೂ ಹಿಡಿಸುವಂತೆ ಅದು ಕಣ್ಣೆದುರು ನಿಂತದ್ದು ಅಲ್ಲೇ.

ಫುಗ್ಗರನ ಸಂಪತ್ತಿನ ಬೇರು ಬೆಳ್ಳಿ, ತಾಮ್ರದ ಗಣಿಗಳಲ್ಲಿ, ಅರಸರಿಗೆ ಕೊಟ್ಟ ಸಾಲದಲ್ಲಿ ಇತ್ತು. ಒಂದು ಎಳೆ ಮಾತ್ರ ನಮ್ಮ ಕರಾವಳಿಗೂ ಬರುತ್ತದೆ. 1505ರಲ್ಲಿ ಪೋರ್ಚುಗೀಸ್ ನಾಯಕ ಫ್ರಾನ್ಸಿಸ್ಕೊ ಡಿ ಅಲ್ಮೇಡಾ ಮುಂದಾಳುತನದಲ್ಲಿ ಲಿಸ್ಬನ್‌ನಿಂದ ಹೊರಟ ಹಡಗುಗಳಿಗೆ ಬಂಡವಾಳ ಹಾಕಿದವರಲ್ಲಿ ಆಗ್ಸ್‌ಬರ್ಗ್‌ನ ಫುಗ್ಗರ್ ಮತ್ತು ವೆಲ್ಸರ್ ಮನೆತನಗಳಿದ್ದವು. ಆ ಪಡೆ ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗಿತು, ಹೊನ್ನಾವರದ ಮೇಲೆ ದಾಳಿ ಮಾಡಿತು, ಮುಂದೆ ಕೊಚ್ಚಿಗೆ ಹೋಯಿತು. ಎಲ್ಲವೂ ಕಾಳುಮೆಣಸಿಗಾಗಿ. ಸಿದ್ದಾಪುರದ ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಕರೆ ಬಿಡಿಸುತ್ತ ಬೆಳೆದವಳು ನಾನು. ಆಗ್ಸ್‌ಬರ್ಗ್‌ನ ದೊಡ್ಡ ಬೀದಿಯಲ್ಲಿ ನಡೆಯುವಾಗ ನಾನು ಪರಸ್ಥಳದವಳು ಅನಿಸಲೇ ಇಲ್ಲ. ಇಲ್ಲಿಯ ವೈಭವದಲ್ಲಿ ನಮ್ಮ ಸೀಮೆಯ ಬೆವರೂ ನೆತ್ತರೂ ಒಂದಿಷ್ಟು ಸೇರಿದೆ ಎಂದು ಮಕ್ಕಳಿಗೆ ಹೇಳಿದೆ. ಆ ಮಾತು ಅವರಿಗೆ ತಿಳಿದಿರಲಿ ಎಂಬುದು ನನ್ನ ಆಸೆ.

ಊಟದ ವಿಷಯಕ್ಕೆ ಬರೋಣ, ಏಕೆಂದರೆ ವಾರಾಂತ್ಯದ ದುಡ್ಡು ಸೋರಿಹೋಗುವುದೇ ಅಲ್ಲಿ. ನಾಲ್ವರು ಹೋಟೆಲಿನಲ್ಲಿ ಸಾಧಾರಣವಾಗಿ ಉಂಡರೂ ಎಪ್ಪತ್ತು, ಎಂಬತ್ತು ಯೂರೋ. ಬವೇರಿಯಾದ ಬಿಯರ್ ಗಾರ್ಡನ್‌ಗಳಲ್ಲಿ ಇದಕ್ಕೊಂದು ಸೊಗಸಾದ ದಾರಿಯಿದೆ. 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಬಿಯರ್ ತಯಾರಕರಿಗೆ ತಮ್ಮ ನೆಲಮಾಳಿಗೆಗಳ ಮುಂದೆಯೇ ಬಿಯರ್, ಬ್ರೆಡ್ ಮಾರಲು ಒಪ್ಪಿಗೆ ಕೊಟ್ಟ. ಬೇರೆ ಆಹಾರ ಮಾರುವಂತಿರಲಿಲ್ಲ. ಜನ ಮನೆಯಿಂದ ಬುತ್ತಿ ತಂದರು. ಆ ಹಕ್ಕು ಇಂದಿಗೂ ಉಳಿದಿದೆ. ಮೇಜಿಗೆ ಬಟ್ಟೆ ಹಾಸಿರದ ಕಡೆ ಕೂತು ಸ್ವಂತ ಊಟ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಇಂಗ್ಲಿಷ್ ಗಾರ್ಡನ್‌ನ ಚೈನೀಸ್ ಟವರ್ ಪಕ್ಕದ ಮರಗಳ ಕೆಳಗೆ ನಾವು ಚಪಾತಿ, ಚಿತ್ರಾನ್ನ, ಮಾವಿನ ಮಿಡಿ ಉಪ್ಪಿನಕಾಯಿ ಬಿಚ್ಚಿಟ್ಟುಕೊಂಡು ಎರಡು ಗ್ಲಾಸ್ ಸೇಬಿನ ಸೋಡಾ ತರಿಸುತ್ತೇವೆ. ಪಕ್ಕದವರು ಮೂಲಂಗಿ, ಚೀಸ್ ಹರಡಿಕೊಂಡಿರುತ್ತಾರೆ. ಬೆಂಚು ಉದ್ದವಾದ್ದರಿಂದ ಅಪರಿಚಿತರ ಜೊತೆಗೇ ಕೂರಬೇಕು. ನಾವಿರುವ ಬಡಾವಣೆಯ ಶಿಶುವಿಹಾರದಲ್ಲಿ ಜಾಗ ಖಾಲಿ ಇದೆ ಎಂಬ ಸುದ್ದಿ ನಮಗೆ ಸಿಕ್ಕಿದ್ದು ಅಂಥ ಒಂದು ಬೆಂಚಿನಲ್ಲೇ.

ಕೆರೆ, ಬೆಟ್ಟಗಳದ್ದೂ ಹೀಗೆಯೇ. 1946ರ ಬವೇರಿಯಾ ಸಂವಿಧಾನದ 141ನೇ ವಿಧಿ ಬೆಟ್ಟ, ಕೆರೆ, ನದಿಗಳ ದಾರಿಯನ್ನು ಜನರಿಗೆ ತೆರೆದಿಡುವ ಹೊಣೆಯನ್ನು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೊರಿಸುತ್ತದೆ. ಕಾಡಿನ ಹಣ್ಣುಗಳನ್ನು ಮನೆಬಳಕೆಗೆ ಕೊಯ್ಯುವ ಹಕ್ಕೂ ಅದರಲ್ಲಿದೆ. ಎಸ್8 ಲೋಕಲ್ ರೈಲು ಹಿಡಿದು ಕೊನೆಯ ನಿಲ್ದಾಣ ಹೆರ್ಶಿಂಗ್‌ನಲ್ಲಿ ಇಳಿದರೆ ಅಮ್ಮರ್ ಸರೋವರ. ಅಲ್ಲಿಂದ ಕಣಿವೆಯ ಕಾಡುದಾರಿಯಲ್ಲಿ ಆಂಡೆಕ್ಸ್ ಮಠಕ್ಕೆ ಮಕ್ಕಳೂ ನಡೆಯಬಲ್ಲರು. ಮಳೆ, ಹಿಮದ ಭಾನುವಾರಗಳಿಗೆ ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಚಿತ್ರಶಾಲೆ ಇದೆ. ಭಾನುವಾರ ಪ್ರವೇಶ ಒಂದು ಯೂರೋ, ಹದಿನೆಂಟರೊಳಗಿನವರಿಗೆ ಎಂದೂ ಉಚಿತ. 1500ರಲ್ಲಿ ಕಲಾವಿದ ಡ್ಯೂರರ್ ಬಿಡಿಸಿದ ತನ್ನದೇ ಚಿತ್ರದ ಎದುರು ನನ್ನ ಮಗ ನಿಂತಷ್ಟು ಹೊತ್ತು ಯಾವ ಆಟಿಕೆ ಅಂಗಡಿಯಲ್ಲೂ ನಿಂತದ್ದಿಲ್ಲ.

ಮೊದಲ ವರ್ಷವೇ ಕಾರು ಕೊಳ್ಳುವವರಿಗೆ ನಾನು ಬೇಡ ಎನ್ನುತ್ತೇನೆ. ಭಾರತದ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಅದರ ಮೇಲೆ ವಿಮೆ, ಪಾರ್ಕಿಂಗ್. ರೈಲಿನಲ್ಲಿ ಸುತ್ತಿ ಯಾವ ಬಡಾವಣೆಯಲ್ಲಿ ಬಾಳಬೇಕೆಂದು ತಿಳಿದ ಮೇಲೆ ಕಾರು ಬೇಕೇ ಎಂದು ಯೋಚಿಸಿದರೆ ಸಾಕು. ನಮಗೆ ಇನ್ನೂ ಬೇಕೆನಿಸಿಲ್ಲ.

ಈ ಬೇಸಿಗೆಗೆ ಅಪ್ಪ, ಅಮ್ಮ ಬರುತ್ತಿದ್ದಾರೆ, ಷೆಂಗೆನ್ ವೀಸಾದ 90 ದಿನಕ್ಕೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ, ಅದನ್ನು ಮಾಡಿಸಿಯಾಗಿದೆ. ಡಾಯ್ಚ್‌ಲ್ಯಾಂಡ್ ಟಿಕೆಟ್ಟನ್ನು ಪ್ರವಾಸಿಗರೂ ಕೊಳ್ಳಬಹುದಾದ್ದರಿಂದ ಇಬ್ಬರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ತಲಾ 189ರಂತೆ ಒಟ್ಟು 378 ಯೂರೋ ಎತ್ತಿಟ್ಟಿದ್ದೇನೆ. ಹೀಗೆ ಅತಿಥಿಗಳಿಗೆ ಟಿಕೆಟ್ ಮಾಡಿಸುವವರು ಗಮನಿಸಿ: ಇದು ಚಂದಾದಂತೆ ತಾನಾಗಿ ಮುಂದುವರಿಯುತ್ತದೆ, ಆಯಾ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿದರೆ ಮಾತ್ರ ಆ ತಿಂಗಳ ಕೊನೆಗೆ ನಿಲ್ಲುತ್ತದೆ. ನಮ್ಮ ಕ್ಯಾಲೆಂಡರಿನಲ್ಲಿ ಆಗಸ್ಟ್ 8ಕ್ಕೆ ಗುರುತು ಹಾಕಿದ್ದೇನೆ.