ಗೋವಿನಜೋಳದ ದಿಂಡು ಮತ್ತು ಅಗ್ಗದ ಲೋಹಗಳು

ಬಿಜ್ಜರಗಿಯಂಥ ಊರುಗಳಲ್ಲಿ ಕಾಳು ಬಿಡಿಸಿದ ಗೋವಿನಜೋಳದ ದಿಂಡು ಒಲೆ ಸೇರುವುದುಂಟು. ಅದನ್ನು ಆಮ್ಲದೊಡನೆ ಕಾಯಿಸಿದರೆ ಫರ್ಫ್ಯೂರಾಲ್ ಎಂಬ ದ್ರವ ದೊರೆಯುತ್ತದೆ. ಅಮೆರಿಕದಲ್ಲಿ 1922ರಲ್ಲಿ ಓಟ್ಸ್ ಹೊಟ್ಟಿನಿಂದ ಇದರ ತಯಾರಿಕೆ ಆರಂಭವಾಯಿತು.

ಫರ್ಫ್ಯೂರಾಲ್ ಬೆರೆಸಿದ ನೀರಿನ ದ್ರಾವಣದಲ್ಲಿ ವಿದ್ಯುತ್ ಹರಿಸಿದರೆ, ತಾಮ್ರದ ಋಣಧ್ರುವದಲ್ಲಿ ಅದು ನೀರಿನಿಂದ ಜಲಜನಕ ಪಡೆದು ಫರ್ಫ್ಯೂರೈಲ್ ಆಲ್ಕೋಹಾಲ್ ಆಗುತ್ತದೆ. ಎರಕದ ಮರಳಚ್ಚುಗಳನ್ನು ಬಿಗಿಯಾಗಿಸುವ ರಾಳಕ್ಕೆ ಇದೇ ಮೂಲವಸ್ತು. ಕ್ಷಾರದಲ್ಲಿ ನಿಕ್ಕಲ್ ಧನಧ್ರುವ ಬಳಸಿದರೆ ಫ್ಯೂರೋಯಿಕ್ ಆಮ್ಲ ಸಿಗುತ್ತದೆ. ಎರಡಕ್ಕೂ ದುಬಾರಿ ಪ್ಲಾಟಿನಂ ಬೇಕಿಲ್ಲ. ಆದರೆ ಲೋಹದ ಮೇಲೆ ಜಿಗಟು ಕಟ್ಟಿ ಕೆಲಸ ಕುಂದುವುದೇ ದೊಡ್ಡ ತೊಡಕು.

ಈ ವಿದ್ಯುತ್ ವಿಧಾನ ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿಯೇ ಇದೆ. ಫರ್ಫ್ಯೂರಾಲ್ ವಿಷಕಾರಿ, ಮನೆಯಲ್ಲಿ ಪ್ರಯತ್ನಿಸಬಾರದು. ಇದರ ಹೆಸರಿನಲ್ಲಿ ಮುಂಗಡ ಕೇಳುವವರಿಗೆ ಹಣ ಕೊಡದಿರಿ. ಸದ್ಯಕ್ಕೆ ದಿಂಡನ್ನು ಚೂರು ಮಾಡಿ, ಸಗಣಿರಾಡಿಯೊಡನೆ ಕಾಂಪೋಸ್ಟ್ ಗುಂಡಿಗೆ ಹಾಕುವುದೇ ಲೇಸು.