ಲಿನಕ್ಸ್ ಗಣಕದಲ್ಲಿ ನಾದಶುದ್ಧಿ

ಗಣಕಯಂತ್ರದಲ್ಲಿ ಸಂಗೀತವನ್ನು ಕೇಳುವಾಗ ಸ್ವರವು ಒಡೆದರೆ ದೋಷವು ಗಾಯಕನದೆಂದು ಭಾವಿಸಬಾರದು. ಅದು ಬಹುಮಟ್ಟಿಗೆ ಮಾರ್ಗದ ದೋಷ. ಲಿನಕ್ಸ್ ವ್ಯವಸ್ಥೆಯಲ್ಲಿ ಧ್ವನಿಯು ಎರಡು ಮೆಟ್ಟಿಲುಗಳನ್ನು ಇಳಿದು ಬರುತ್ತದೆ. ಮೊದಲನೆಯದು, ಹಲವು ಧ್ವನಿಗಳನ್ನು ಬೆರೆಸುವ ಪೈಪ್‌ವೈರ್. 2021ರಲ್ಲಿ ಫೆಡೋರಾ 34 ಇದನ್ನು ಪಲ್ಸ್‌ಆಡಿಯೋದ ಸ್ಥಾನದಲ್ಲಿರಿಸಿತು. ಎರಡನೆಯದು, ಧ್ವನಿಯಂತ್ರವನ್ನು ನಡೆಸುವ ಆಲ್ಸಾ.

ಸಿ.ಡಿ.ಯ ಧ್ವನಿಯು ಸೆಕೆಂಡಿಗೆ 44,100 ಮಾದರಿಗಳಿಂದ ಕೂಡಿದೆ. ಪೈಪ್‌ವೈರ್ ಅದನ್ನು ಸಾಮಾನ್ಯವಾಗಿ 48,000ಕ್ಕೆ ಪರಿವರ್ತಿಸುತ್ತದೆ. ಅನುಮತಿಸಿದ ದರಗಳ ಪಟ್ಟಿಯಲ್ಲಿ 44,100ನ್ನೂ ಸೇರಿಸಿದರೆ, ಧ್ವನಿಯಂತ್ರವು ಅದಕ್ಕೆ ಸಮರ್ಥವಾಗಿದ್ದಲ್ಲಿ, ಈ ಪರಿವರ್ತನೆಯು ತಪ್ಪುತ್ತದೆ. ಆದರೆ ಕಿವಿಗೆ ಈ ಭೇದವು ಅತಿ ಸೂಕ್ಷ್ಮ.

ಸ್ಥೂಲವಾದ ಕೆಡುಕು ಬೇರೆ. ಧ್ವನಿಮಟ್ಟವನ್ನು ಶೇಕಡಾ ನೂರನ್ನು ಮೀರಿಸಿದರೆ ಅಲೆಯ ಶಿಖರಗಳು ಕತ್ತರಿಸಿಹೋಗಬಹುದು; ಹಾಗೆ ಹೋದುದನ್ನು ಮುಂದಿನ ಯಾವ ಉಪಕರಣವೂ ಮರಳಿ ಕೊಡಲಾರದು. ಆದುದರಿಂದ ವಿದ್ಯಾರ್ಥಿಯು ಗಣಕದ ಮಟ್ಟವನ್ನು ನೂರರೊಳಗಿರಿಸಿ, ಸಾಲದಾದುದನ್ನು ಧ್ವನಿವರ್ಧಕದಲ್ಲಿಯೇ ಏರಿಸಿಕೊಳ್ಳತಕ್ಕದ್ದು.