ಕತ್ತಲಲ್ಲಿ ಅದು ಏನು ಮಾಡುತ್ತದೆ?

ಮಗು, ಬೆಳಕು ಬಿದ್ದಾಗ ಮಾತ್ರ ಲೋಹವನ್ನು ಹಿಡಿಯುವ ಔಷಧಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆ ಅಂದೆ. ಕೇಳಿ ತುಂಬಾ ಸಂತೋಷವಾಯಿತು. ವಿಷಯ ಚೆಲುವಾದದ್ದು, ಜನರ ಕಷ್ಟಕ್ಕೆ ಒದಗುವಂಥದ್ದು. ಆದರೆ ಚೆಲುವಾದ ವಿಷಯ ಹಿಡಿದವರಿಗೆ ಒಂದು ಅಪಾಯ ಇದ್ದೇ ಇರುತ್ತದೆ. ದೀಪ ಹಾಕಿದ ಕೂಡಲೇ ದ್ರಾವಣದ ಬಣ್ಣ ತಿರುಗುತ್ತದೆ, ಗ್ರಾಫಿನಲ್ಲಿ ಗೆರೆ ಮೇಲೇಳುತ್ತದೆ, ಸಾಯಬೇಕಾದ ಜೀವಕೋಶ ಬದುಕುತ್ತದೆ. ಕಣ್ಣು ಅಲ್ಲೇ ನೆಟ್ಟುಬಿಡುತ್ತದೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ದೀಪ ಹಾಕುವ ಮುಂಚೆ ನಿನ್ನ ಅಣು ಏನು ಮಾಡುತ್ತಿತ್ತು, ಅದನ್ನು ಮೊದಲು ನೋಡು. ರೋಗಿಯ ಮೈಯಲ್ಲಿ ಅದು ಬೆಳಕು ಕಾಣುವುದು ಸ್ವಲ್ಪ ಹೊತ್ತು. ಮಿಕ್ಕ ಹೊತ್ತೆಲ್ಲ ಕತ್ತಲಲ್ಲೇ ಇರುತ್ತದೆ.

ಲೋಹ ಎಂದರೆ ಜನರಿಗೆ ಸೀಸ, ಪಾದರಸ, ಆರ್ಸೆನಿಕ್ ನೆನಪಾಗುತ್ತವೆ; ತೆಗೆದುಹಾಕಿದರೆ ಒಳ್ಳೆಯದಾಯಿತು ಅನ್ನಿಸುತ್ತದೆ. ನೀನು ಹಾಗೆಂದುಕೊಳ್ಳಬೇಡ. ವಯಸ್ಕರ ಮೈಯಲ್ಲಿ ಮೂರು-ನಾಲ್ಕು ಗ್ರಾಂ ಕಬ್ಬಿಣ ಇದೆ, ಸುಮಾರು ಎರಡು ಗ್ರಾಂ ಸತು ಇದೆ, 100 ಮಿಲಿಗ್ರಾಂ ಆಸುಪಾಸಿನಲ್ಲಿ ತಾಮ್ರ ಇದೆ. ಉಸಿರು ಸಾಗಿಸುವುದಕ್ಕೆ ಕಬ್ಬಿಣ ಬೇಕು, ಡಿಎನ್‌ಎ ಕಟ್ಟುವ ಕಿಣ್ವಕ್ಕೂ ಕಬ್ಬಿಣ ಬೇಕು. ಹೃದಯ ಬಡಿಯಬೇಕಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ನಿಂತಿರಬೇಕು. ಲೋಹ ಹಿಡಿಯುವ ಅಣುವಿಗೆ, ಅಂದರೆ ಚಿಲೇಟರಿಗೆ, ಇದೆಲ್ಲ ಗೊತ್ತಿರುವುದಿಲ್ಲ. ಎದುರಿಗೆ ಸಿಕ್ಕಿದ್ದನ್ನು, ತನ್ನ ರಚನೆಗೆ ಒಪ್ಪಿದ್ದನ್ನು ಅದು ಹಿಡಿಯುತ್ತದೆ.

ಇಡಿಟಿಎ ಎಂಬ ಚಿಲೇಟರಿನ ಕಥೆ ನಿನಗೆ ತಿಳಿದಿರಲೇಬೇಕು. ಸೀಸ ಮೈಗೇರಿದವರಿಗೆ ಕೊಡುವುದು ಅದರ ಕ್ಯಾಲ್ಸಿಯಂ ಲವಣ. ಅಣುವಿನ ಹಿಡಿತದಲ್ಲಿ ಕ್ಯಾಲ್ಸಿಯಂ ಮೊದಲೇ ಕೂತಿರುತ್ತದೆ. ಸೀಸ ಸಿಕ್ಕಾಗ ಕ್ಯಾಲ್ಸಿಯಂ ಜಾಗ ಬಿಟ್ಟುಕೊಡುತ್ತದೆ. ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ಲವಣ ಇದೆ, ಬರೀ ಸೋಡಿಯಂನದು. ಅದರ ಹಿಡಿತ ಖಾಲಿ. ರಕ್ತಕ್ಕೆ ಬಿದ್ದರೆ ಅಲ್ಲಿಯ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ. ಅಮೆರಿಕದಲ್ಲಿ 2003ರಿಂದ 2005ರೊಳಗೆ ಚಿಲೇಶನ್ ಚಿಕಿತ್ಸೆ ಪಡೆದ ಮೂವರು ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡರು. ಅವರಲ್ಲಿ ಇಬ್ಬರು ಮಕ್ಕಳು. ಆ ದೇಶದ ರೋಗ ನಿಯಂತ್ರಣ ಕೇಂದ್ರ 2006ರಲ್ಲಿ ಇದನ್ನು ವರದಿ ಮಾಡಿತು. ಸೀಸವನ್ನು ತೆಗೆಯಲೆಂದು ಕರೆತಂದ ಮಗುವಿನ ಹೃದಯ ನಿಂತಿತು. ಪ್ರಯೋಗಾಲಯದ ಕಪಾಟಿನಲ್ಲಿ ಇಡಿಟಿಎ ಡಬ್ಬಿ ಕಂಡಾಗಲೆಲ್ಲ ಇದು ನಿನಗೆ ನೆನಪಾಗಬೇಕು. ಲೋಹವನ್ನು ಹಿಡಿಯುವುದು ಸುಲಭ. ಬೇಕಾದದ್ದನ್ನು, ಬೇಕಾದ ಕಡೆ, ಬೇಕಾದಷ್ಟು ಹೊತ್ತು ಮಾತ್ರ ಹಿಡಿಯುವುದು ಕಷ್ಟ.

ಥಲಸ್ಸೀಮಿಯಾ ಮಕ್ಕಳ ವಾರ್ಡಿಗೆ ಒಮ್ಮೆ ಹೋಗಿ ಬಾ. ಅವರಿಗೆ ಮತ್ತೆ ಮತ್ತೆ ಕೊಡುವ ಒಂದೊಂದು ಯೂನಿಟ್ ರಕ್ತದ ಜೊತೆ 200-250 ಮಿಲಿಗ್ರಾಂ ಕಬ್ಬಿಣ ಮೈಸೇರುತ್ತದೆ. ದೇಹ ದಿನಕ್ಕೆ ಕಳೆದುಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಹೆಚ್ಚಾದದ್ದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಉಳಿದದ್ದು ಹೃದಯ, ಯಕೃತ್ತುಗಳಲ್ಲಿ ಕೂರುತ್ತದೆ. ಅದನ್ನು ತೆಗೆಯುವ ಡೆಸ್‌ಫೆರಿಯಾಕ್ಸಮಿನ್ ಒಂದು ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಚರ್ಮದಡಿಗೆ ಸೂಜಿ ಚುಚ್ಚಿ, ಪಂಪು ಕಟ್ಟಿಕೊಂಡು, ರಾತ್ರಿ ಎಂಟು-ಹತ್ತು ಗಂಟೆ ಹರಿಸಬೇಕು, ವಾರದಲ್ಲಿ ಐದಾರು ರಾತ್ರಿ. ಬಾಯಿಂದ ನುಂಗುವ ಡೆಫೆರಿಪ್ರೋನ್‌ಗೆ ಮೊದಮೊದಲು ಪರವಾನಗಿ ಕೊಟ್ಟ ದೇಶಗಳಲ್ಲಿ ನಮ್ಮದೂ ಒಂದು. ಅದನ್ನು ತೆಗೆದುಕೊಳ್ಳುವವರ ಬಿಳಿರಕ್ತಕಣದ ಎಣಿಕೆಯ ಮೇಲೆ ಕಣ್ಣಿಟ್ಟಿರಬೇಕು, ಏಕಾಏಕಿ ಬಿದ್ದುಹೋಗಬಹುದು. ಈ ಮಕ್ಕಳಿಗೆ ನಿನ್ನ ಬೆಳಕಿನ ಔಷಧ ನೆರವಾಗುವುದಿಲ್ಲ, ಹೃದಯದವರೆಗೆ ಬೆಳಕು ಹೋಗುವುದಿಲ್ಲ. ಆದರೂ ಹೋಗಿ ನೋಡು ಅನ್ನುವುದು ಯಾಕೆಂದರೆ, ಇಡೀ ಮೈಯಲ್ಲಿ ಓಡಾಡುವ ಚಿಲೇಟರ್ ಎಂದರೆ ಏನು, ಅದರ ಜೊತೆ ಬದುಕುವುದೆಂದರೆ ಏನು ಎಂದು ಅಲ್ಲಿ ಗೊತ್ತಾಗುತ್ತದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಚರಾರೆ ಪೂರ್‌ಜಂದ್ ಮತ್ತು ಅವರ ಸಂಗಡಿಗರು ಮಾಡಿ 2006ರಲ್ಲಿ ಪ್ರಕಟಿಸಿದ ಕೆಲಸವನ್ನು ಪೂರ್ತಿ ಓದು, ಸಾರಾಂಶ ಓದಿ ಬಿಡಬೇಡ. ಅವರು ಹಿಡಿದದ್ದು ಬಿಸಿಲಿನ ಸಮಸ್ಯೆ. ಬಿಸಿಲಿನಲ್ಲಿರುವ ಯುವಿಎ ಕಿರಣ ಚರ್ಮದ ಒಳಪದರದವರೆಗೆ ಇಳಿಯುತ್ತದೆ. ಜೀವಕೋಶಗಳಲ್ಲಿ ಕಬ್ಬಿಣವನ್ನು ಕಾಪಿಡುವ ಫೆರಿಟಿನ್ ಎಂಬ ಪ್ರೋಟೀನ್ ಇದೆ, ಒಂದೊಂದರಲ್ಲಿ ನಾಲ್ಕೂವರೆ ಸಾವಿರದವರೆಗೆ ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಯುವಿಎ ಬಿದ್ದಾಗ ಲೈಸೋಸೋಮಿನ ಪೊರೆ ಹಾಳಾಗಿ, ಅದರೊಳಗಿನ ಕಿಣ್ವಗಳು ಫೆರಿಟಿನ್ನನ್ನು ಕಡಿದುಹಾಕುತ್ತವೆ, ಕಬ್ಬಿಣ ಬಿಡಿಯಾಗುತ್ತದೆ. ಹಾಗೆ ಬಿಡಿಯಾದ ಕಬ್ಬಿಣ, ಬಿಸಿಲಿನಿಂದಲೇ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ಟಾರ್ಟಾರಿಕ್ ಆಮ್ಲದ ಮೇಲೆ ಕಬ್ಬಿಣ ಮತ್ತು ಪೆರಾಕ್ಸೈಡ್ ಪ್ರಯೋಗಿಸಿ ಬರೆದದ್ದು ಇದೇ ರಸಾಯನ. ಆ ರ‍್ಯಾಡಿಕಲ್ ಏನನ್ನೂ ಬಿಡುವುದಿಲ್ಲ. ಕೋಶ ಒಡೆದು ಸಾಯುತ್ತದೆ.

ಹಾಗಾದರೆ ಬಲವಾದ ಚಿಲೇಟರ್ ಹಚ್ಚಿಬಿಟ್ಟರೆ ಆಯಿತಲ್ಲ? ಕೆಲಸವೇನೋ ಆಗುತ್ತದೆ. ಆದರೆ ದಿನಾ ಹಚ್ಚಿದರೆ ಕೋಶಕ್ಕೆ ಬೇಕಾದ ಕಬ್ಬಿಣವೂ ಹೋಗುತ್ತದೆ. ಅದಕ್ಕೆ ಅವರು ಚಿಲೇಟರಿನ ಬಾಯಿ ಕಟ್ಟಿದರು. ಪೈರಿನ ನಡುವೆ ಎಡೆಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಾರಲ್ಲ, ಹಾಗೆ. ಎಸ್‌ಐಎಚ್ ಎಂಬ ಹೈಡ್ರಜೋನ್ ಕಬ್ಬಿಣವನ್ನು ಮೂರು ಕಡೆಯಿಂದ ಹಿಡಿಯುತ್ತದೆ: ಫೀನಾಲಿನ ಆಕ್ಸಿಜನ್, ನಡುವಿನ ನೈಟ್ರೋಜನ್, ಕಾರ್ಬೊನಿಲಿನ ಆಕ್ಸಿಜನ್. ಫೀನಾಲಿನ ಆಕ್ಸಿಜನ್‌ಗೆ ನೈಟ್ರೋಬೆಂಜೈಲ್ ಗುಂಪನ್ನು ಕಟ್ಟಿ ಈ ಹಿಡಿತವನ್ನು ತಡೆದರು. ಯುವಿಎ ಬಿದ್ದರೆ ಆ ಗುಂಪು ಕಳಚಿಕೊಳ್ಳುತ್ತದೆ. ಅಂದರೆ ಯಾವ ಬೆಳಕು ಕಬ್ಬಿಣವನ್ನು ಬಿಡಿಮಾಡುತ್ತದೋ ಅದೇ ಬೆಳಕು ಆ ಕಬ್ಬಿಣವನ್ನು ಹಿಡಿಯುವವನನ್ನೂ ಬಿಡಿಸುತ್ತದೆ. ಬಿಸಿಲು ಹೆಚ್ಚಾದರೆ ಔಷಧ ಹೆಚ್ಚು, ಕಡಿಮೆಯಾದರೆ ಕಡಿಮೆ, ರಾತ್ರಿ ಇಲ್ಲವೇ ಇಲ್ಲ. ಮಾನವ ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ ಬಿಡಿ ಕಬ್ಬಿಣವೂ ಕೋಶಗಳ ಸಾವೂ ಇಳಿದದ್ದನ್ನು ಅವರು ತೋರಿಸಿದರು. ರಸಾಯನಶಾಸ್ತ್ರದಲ್ಲಿ ಇಷ್ಟು ಅಂದವಾದ ಯೋಚನೆ ಅಪರೂಪ.

ಆ ಕೆಲಸದಲ್ಲಿ ನನ್ನ ಮನಸ್ಸು ಗೆದ್ದದ್ದು ಕುಕ್ಕೆ ಬಿಚ್ಚುವ ಭಾಗ ಅಲ್ಲ, ಕಟ್ಟುವ ಭಾಗ. ಕಟ್ಟಿದ ಅಣು ನಿಜವಾಗಿ ಸುಮ್ಮನಿದೆಯೇ? ಫೀನಾಲನ್ನು ಮುಚ್ಚಿದ ಮೇಲೂ ಎರಡು ಕೈ ಉಳಿದಿವೆ. ಅವು ತಾಮ್ರವನ್ನು ಹಿಡಿಯುವುದಿಲ್ಲ ಎಂದು ಹೇಗೆ ಗೊತ್ತು? ಹೈಡ್ರಜೋನ್‌ಗಳು ರಕ್ತದಲ್ಲಿ ತಾವಾಗಿಯೇ ಸೀಳಿಹೋಗುತ್ತವೆ. ಕತ್ತಲಲ್ಲಿ ಇಟ್ಟ ನಿನ್ನ ಅಣು ನಾಳೆ ಬೆಳಗಿನವರೆಗೆ ಉಳಿದಿರುತ್ತದೆಯೇ? ಕೋಶದ ಕಿಣ್ವವೇ ಕುಕ್ಕೆಯನ್ನು ಬಿಚ್ಚಿಬಿಟ್ಟರೆ? ಇಷ್ಟಕ್ಕೂ ಉತ್ತರ ಸಿಗುವುದು ದೀಪ ಹಾಕದೆ ಕೂತವರಿಗೆ.

ಬಿಚ್ಚಿಬಿದ್ದ ಕುಕ್ಕೆಯನ್ನೂ ಮರೆಯಬೇಡ. ನೈಟ್ರೋಬೆಂಜೈಲ್ ಕಳಚಿಕೊಂಡಾಗ ನೈಟ್ರೋಸೊ ಗುಂಪಿನ ಆಲ್ಡಿಹೈಡ್ ಉಳಿಯುತ್ತದೆ. ಅದು ಪ್ರೋಟೀನಿನ ಅಮೀನ್, ಥಯಾಲ್‌ಗಳ ಜೊತೆ ಸೇರಿಕೊಳ್ಳಬಲ್ಲದು. ಪೆಟ್ರಿ ತಟ್ಟೆಯಲ್ಲಿ ಒಮ್ಮೆ ಆದರೆ ಏನೂ ಕಾಣದು. ಹೊಲದಲ್ಲಿ ದುಡಿಯುವವಳೊಬ್ಬಳು ದಿನಾ ಹಚ್ಚಿಕೊಂಡರೆ ಅವಳ ಚರ್ಮದಲ್ಲಿ ಪ್ರತಿದಿನ ಇಷ್ಟಿಷ್ಟು ಉಳಿಯುತ್ತದೆ. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡು ಕುಕ್ಕೆಯನ್ನು ಆರಿಸು.

ಹಳಬರ ಕೆಲಸದಿಂದ ಕಲಿಯುವುದು ಬಹಳ ಇದೆ. 1988ರಲ್ಲಿ ಜ್ಯಾಕ್ ಕಪ್ಲಾನ್ ಮತ್ತು ಗ್ರಹಾಂ ಎಲ್ಲಿಸ್-ಡೇವೀಸ್ ನಿನ್ನ ದಾರಿಗೆ ತಿರುವುಮುರುವಾದ ಅಣುವೊಂದನ್ನು ಪ್ರಕಟಿಸಿದರು, ಡಿಎಂ-ನೈಟ್ರೋಫೆನ್. ಇಡಿಟಿಎಯ ಬೆನ್ನಿಗೇ ನೈಟ್ರೋಬೆಂಜೈಲ್ ಕಟ್ಟಿದ್ದು ಅದು. ಕತ್ತಲಲ್ಲಿ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬೆಳಕು ಬಿದ್ದರೆ ತಾನೇ ಮುರಿದು, ಹಿಡಿತ ಲಕ್ಷಪಟ್ಟು ಸಡಿಲವಾಗಿ ಕ್ಯಾಲ್ಸಿಯಂ ಚೆಲ್ಲುತ್ತದೆ. ಸ್ನಾಯು ಹೇಗೆ ಬಿಗಿಯುತ್ತದೆ, ನರದ ತುದಿಯಿಂದ ಸಂದೇಶ ಹೇಗೆ ಹೊರಡುತ್ತದೆ ಎಂಬುದನ್ನು ಅಳೆಯಲು ಅದು ಬಹಳ ನೆರವಾಯಿತು. ಆದರೆ ಕತ್ತಲಲ್ಲಿ ಅದು ಮೆಗ್ನೀಸಿಯಂ ಅನ್ನೂ ಹಿಡಿಯುತ್ತದೆ, ಕೋಶದಲ್ಲಿ ಮೆಗ್ನೀಸಿಯಂ ಧಾರಾಳ. ಬಳಸಿದವರೆಲ್ಲ ಆ ಲೆಕ್ಕ ಹಾಕಿಯೇ ಪ್ರಯೋಗ ಕಟ್ಟಬೇಕಾಯಿತು. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರಿನ್ ಫ್ರಾಂಜ್ ಅವರ ಗುಂಪು 2008ರಲ್ಲಿ ತಾಮ್ರವನ್ನು ಹೀಗೆಯೇ ಹಿಡಿದಿಟ್ಟು ಬೆಳಕಿನಲ್ಲಿ ಬಿಡುವ ಅಣುವನ್ನು ಮಾಡಿತು. ಅದನ್ನೂ ಓದು.

ನಮ್ಮ ಊರಲ್ಲೇ ಹತ್ತಿರದ ದಾರಿಯೊಂದು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ಪ್ರಯೋಗಾಲಯ ಕಬ್ಬಿಣ, ವನೇಡಿಯಂ, ಕೋಬಾಲ್ಟ್, ಪ್ಲಾಟಿನಂ ಸಂಕೀರ್ಣಗಳನ್ನು ಬೆಳಕಿನಲ್ಲಿ ಎಚ್ಚರಗೊಳಿಸಿ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುತ್ತ ಬಂದಿದೆ. ಅರಿಶಿನದ ಕರ್ಕ್ಯುಮಿನ್ನನ್ನು ಅವರು ಬಳಸಿದ ರೀತಿ ನೋಡು. ಕರ್ಕ್ಯುಮಿನ್ ನೀರಿಗೆ ಕರಗುವುದಿಲ್ಲ, ಮೈಯ ಪಿಎಚ್‌ನಲ್ಲಿ ಬೇಗ ಒಡೆದುಹೋಗುತ್ತದೆ. ಅದಕ್ಕೇ ಅದರ ಬಗ್ಗೆ ಮಾತು ಬಹಳ, ಔಷಧವಾಗಿ ಫಲ ಕಡಿಮೆ. ಪ್ಲಾಟಿನಂಗೆ ಕಟ್ಟಿದಾಗ ಅದು ಕತ್ತಲಲ್ಲಿ ಒಡೆಯದೆ ನಿಲ್ಲುತ್ತದೆ, ಬೆಳಕಿನಲ್ಲಿ ಬಿಡುಗಡೆಯಾಗುತ್ತದೆ. ಆ ಪ್ರಬಂಧಗಳ ಕೋಷ್ಟಕಗಳಲ್ಲಿ, ಕೋಶಗಳನ್ನು ಕೊಲ್ಲಲು ಎಷ್ಟು ಔಷಧ ಬೇಕು ಎಂಬುದರ ಕತ್ತಲಿನ ಅಂಕಿ, ಬೆಳಕಿನ ಅಂಕಿ ಅಕ್ಕಪಕ್ಕ ಇರುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಬರುವ ಅನುಪಾತವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನೀನು ಅನುಪಾತಕ್ಕೆ ಮರುಳಾಗಬೇಡ. ಬೆಳಕಿನ ಪ್ರಮಾಣ ಏರಿಸಿದರೆ ಅನುಪಾತವೂ ಏರುತ್ತದೆ. ಕತ್ತಲಿನ ಅಂಕಿ ಏರಿಸಲು ಮಾತ್ರ ಅಣುವನ್ನೇ ಒಳ್ಳೆಯದಾಗಿ ಕಟ್ಟಬೇಕು.

ಇನ್ನೊಂದು ವಿಷಯ ಯಾಕೆ ಹೇಳುತ್ತೇನೆಂದರೆ, ಅದು ನಿನ್ನ ಬುಡಕ್ಕೇ ಬರುತ್ತದೆ. ಚರ್ಮದ ಕೆಲವು ಕ್ಯಾನ್ಸರ್‌ಪೂರ್ವ ಗಾಯಗಳಿಗೆ ಎಎಲ್‌ಎ (ಅಮಿನೊಲೆವ್ಯುಲಿನಿಕ್ ಆಮ್ಲ) ಹಚ್ಚುತ್ತಾರೆ. ಕೋಶ ಅದರಿಂದ ಪ್ರೊಟೊಪಾರ್ಫಿರಿನ್ ತಯಾರಿಸುತ್ತದೆ, ಅದು ಬೆಳಕಿನಲ್ಲಿ ಕೋಶವನ್ನು ಕೊಲ್ಲುತ್ತದೆ. ಆದರೆ ಕೋಶದಲ್ಲಿ ಕಬ್ಬಿಣ ಸಿಕ್ಕರೆ ಫೆರೋಕಿಲೇಟೇಸ್ ಎಂಬ ಕಿಣ್ವ ಅದನ್ನು ಪಾರ್ಫಿರಿನ್ನಿಗೆ ಸೇರಿಸಿ ಹೀಮ್ ಮಾಡಿಬಿಡುತ್ತದೆ, ಅಪಾಯ ಹೋಗುತ್ತದೆ. ಆದ್ದರಿಂದ ಎಎಲ್‌ಎ ಜೊತೆ ಕಬ್ಬಿಣದ ಚಿಲೇಟರ್ ಕೊಟ್ಟರೆ ಪಾರ್ಫಿರಿನ್ ಹೆಚ್ಚು ಕೂಡಿ ಚಿಕಿತ್ಸೆಗೆ ಬಲ ಬರುತ್ತದೆ. ಅರ್ಥವಾಯಿತೇ? ಬಿಸಿಲಿನಿಂದ ಕೋಶವನ್ನು ಉಳಿಸುವ ಚಿಲೇಟರೇ, ಕತ್ತಲಲ್ಲಿ ತಾಸುಗಟ್ಟಲೆ ಮೊದಲೇ ಕೆಲಸ ಮಾಡಿದ್ದರೆ, ಅದೇ ಬೆಳಕಿಗೆ ಕೋಶವನ್ನು ಒಡ್ಡಿಕೊಡಲೂ ಬಲ್ಲದು.

ರೋಗಿಯ ಪಾಲಿಗೆ ಬೆಳಕು ನಿನ್ನ ದೀಪ ಒಂದೇ ಅಲ್ಲ. 1912ರಲ್ಲಿ ಫ್ರೀಡ್ರಿಷ್ ಮೇಯರ್-ಬೆಟ್ಜ್ ಎಂಬ ಜರ್ಮನ್ ವೈದ್ಯ 200 ಮಿಲಿಗ್ರಾಂ ಹೆಮಟೊಪಾರ್ಫಿರಿನ್ ತಾನೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಕೈ ಊದಿಕೊಂಡವು. ವಾರಗಟ್ಟಲೆ ಬಿಸಿಲು ತಾಳಲಾಗಲಿಲ್ಲ. ಅದೇ ಬಗೆಯ ಔಷಧವಾದ ಫೋಟೊಫ್ರಿನ್ ಪಡೆದ ರೋಗಿಗಳಿಗೆ ಇವತ್ತಿಗೂ ಕನಿಷ್ಠ 30 ದಿನ ಬಿಸಿಲು ತಪ್ಪಿಸಿ ಎನ್ನುತ್ತಾರೆ. ನಮ್ಮ ರಾಯಚೂರು, ಕಲಬುರಗಿಯ ಕೂಲಿಯವನಿಗೆ ಒಂದು ತಿಂಗಳು ಮನೆಯೊಳಗಿರು ಅನ್ನುವುದು ಸುಲಭದ ಮಾತಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಹುಟ್ಟಿ, ಪ್ರಾಸ್ಟೇಟ್ ಕ್ಯಾನ್ಸರಿಗೆಂದು 2017ರಲ್ಲಿ ಯುರೋಪಿನ ಒಪ್ಪಿಗೆ ಪಡೆದ ಟೂಕಾಡ್ ಎಂಬ ಔಷಧದ ಗುಣ ಇರುವುದು ಇಲ್ಲೇ. ಬ್ಯಾಕ್ಟೀರಿಯಾದ ಕ್ಲೋರೊಫಿಲ್ಲಿನಿಂದ ತಯಾರಿಸಿದ ಅಣು ಅದು, ನಡುವೆ ಪಲ್ಲಾಡಿಯಂ. ರಕ್ತನಾಳಕ್ಕೆ ಕೊಟ್ಟು, 753 ನ್ಯಾನೊಮೀಟರ್ ಲೇಸರನ್ನು ತಂತುವಿನ ಮೂಲಕ ಒಳಗೇ ಹಾಯಿಸುತ್ತಾರೆ. ಔಷಧ ಬೇಗ ಮೈಬಿಟ್ಟು ಹೋಗುತ್ತದೆ.

ನಿನ್ನ ಯುವಿಎ ಅಷ್ಟು ಆಳ ಹೋಗುವುದಿಲ್ಲ, ಚರ್ಮದಲ್ಲೇ ಮುಗಿಯುತ್ತದೆ. ಕೆಂಪು ಬೆಳಕು ಕೆಲವು ಮಿಲಿಮೀಟರ್ ಹೋಗುತ್ತದೆ. ಚರ್ಮಕ್ಕೆಂದು ಮಾಡಿದರೆ ಚರ್ಮಕ್ಕೆಂದೇ ಹೇಳು. ಯಕೃತ್ತಿಗೂ ಮಿದುಳಿಗೂ ಆದೀತು ಎಂದು ಅರ್ಜಿಯಲ್ಲಿ ಬರೆಯಬೇಡ.

ಮೊದಲ ಪ್ರಯೋಗಕ್ಕೆ ಕೂರುವಾಗ ವಯಲ್‌ಗಳಿಗೆ ಫಾಯಿಲ್ ಸುತ್ತು. ಯುವಿಎ ಕಿಟಕಿಯ ಗಾಜನ್ನು ದಾಟಿ ಬರುತ್ತದೆ. ಗಾಜಿನ ಸಾಮಾನನ್ನು ಆಮ್ಲದಲ್ಲಿ ತೊಳೆ, ಇಲ್ಲದಿದ್ದರೆ ಅಲ್ಲಿ ಅಂಟಿದ ಕಬ್ಬಿಣವನ್ನೇ ಅಳೆಯುತ್ತೀಯ. ಕೋಶಗಳಿಗೆ ಹಾಕುವ ಸೀರಮ್ಮಿನಲ್ಲಿ ಸತು, ತಾಮ್ರ ಇರುತ್ತವೆ, ಮಾಧ್ಯಮಕ್ಕೆ ಬೆರೆಸಿದ ಫೀನಾಲ್ ರೆಡ್ ಬಣ್ಣ ಬೆಳಕನ್ನು ತಾನೇ ಕುಡಿಯುತ್ತದೆ. ಎರಡರ ಲೆಕ್ಕವೂ ಇಡು. ಬೆಳಕು ಮಾತ್ರ ಕೊಟ್ಟ ತಟ್ಟೆ, ಅಣು ಮಾತ್ರ ಕೊಟ್ಟು ಕತ್ತಲಲ್ಲಿಟ್ಟ ತಟ್ಟೆ, ಮೊದಲೇ ಬೆಳಕಿಗೊಡ್ಡಿದ ಅಣುವನ್ನು ಹಾಕಿದ ತಟ್ಟೆ, ಕಳಚಿಬಿದ್ದ ಕುಕ್ಕೆಯನ್ನಷ್ಟೇ ಹಾಕಿದ ತಟ್ಟೆ, ಇವೆಲ್ಲ ಬೇಕು. ಸಮಯ ಇಲ್ಲ, ಇದನ್ನು ಆಮೇಲೆ ಮಾಡು ಎಂದು ಗೈಡ್ ಹೇಳಿದರೆ ವಿನಯದಿಂದಲೇ ಹಟ ಮಾಡು. ಕತ್ತಲ ತಟ್ಟೆಯನ್ನು ಒಂದು ಗಂಟೆಗೆ ನೋಡಿ ಎತ್ತಿಡಬೇಡ, ಮೂರು ದಿನ ಬಿಟ್ಟು ಮತ್ತೆ ನೋಡು. ಫಲಿತಾಂಶ ಬಂದಾಗ ಆ ಅಂಕಿಗಳನ್ನೇ ಮೊದಲು ನನಗೆ ಕಳಿಸು. ಬೆಳಕಿನದನ್ನು ಅದಾದ ಮೇಲೆ ಇಬ್ಬರೂ ಕೂತು ನೋಡೋಣ.